ಮೂರು ತಲೆಮಾರಿನ ತಲೆಗಳು

ಡಿಪೋದ ಡ್ರೈವರುಗಳೂ ಕಂಡಕ್ಟರುಗಳೂ ಅವಳನ್ನು ಡ್ಯೂಟಿ ಅಕ್ಕ ಎಂದೇ ಕರೆಯುತ್ತಿದ್ದರು. ಯಾವ ಬಸ್ಸಿಗೆ ಯಾವ ಡ್ರೈವರು, ಯಾರಿಗೆ ಬೆಳಗಿನ ಪಾಳಿ, ಯಾರಿಗೆ ವಾರದ ರಜೆ ಎಂಬುದೆಲ್ಲ ಅವಳ ಮೇಜಿನ ಮೇಲೆ ತೀರ್ಮಾನವಾಗುತ್ತಿತ್ತು. ಒಬ್ಬನ ಮಗುವಿಗೆ ಜ್ವರ ಬಂದರೂ, ಇನ್ನೊಬ್ಬನ ಮಾವ ಮಹಡಿ ಮೆಟ್ಟಿಲಿಂದ ಜಾರಿ ಬಿದ್ದರೂ ಮೊದಲ ಏಟು ಬೀಳುತ್ತಿದ್ದುದು ಅವಳ ಲೆಕ್ಕಾಚಾರಕ್ಕೆ. ಬೆಳಕು ಹರಿಯುವ ಮೊದಲೇ ಫೋನು ಶುರುವಾಗುತ್ತಿತ್ತು. ಅವಳಿಗೆ ನಲವತ್ತೆಂಟು. ಊಟದ ಹೊತ್ತಿಗೆ ಚಹಾ, ಚಹಾದ ಹೊತ್ತಿಗೆ ತಲೆನೋವಿನ ಮಾತ್ರೆ ಎಂಬುದು ಅಭ್ಯಾಸವಾಗಿಹೋಗಿತ್ತು. ಗಂಡ ದೂರದ ಬಂದರೊಂದರಲ್ಲಿ ಕ್ರೇನುಗಳ ಮೇಲ್ವಿಚಾರಕ, ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದ. ಮನೆಯಲ್ಲಿದ್ದವರು ಅವಳು, ಅವಳ ಅಮ್ಮ, ಮತ್ತು ಮನೆಯವರೆಲ್ಲ ಗುಬ್ಬಿ ಎಂದು ಕರೆಯುತ್ತಿದ್ದ ಹದಿನಾಲ್ಕರ ಮಗಳು.

ಅಮ್ಮನಿಗೂ ಒಂದು ಅಡ್ಡಹೆಸರಿತ್ತು. ಎಪ್ಪತ್ತೊಂದರ ಆ ಹೆಂಗಸು ಒಂದೇ ಒಂದು ಪುಟ್ಟ ಕಾರು ಇಟ್ಟುಕೊಂಡು ಡ್ರೈವಿಂಗ್ ಶಾಲೆ ನಡೆಸುತ್ತಿದ್ದಳು. ಕಲಿಸುವವರ ಕಾಲಡಿಗೂ ಒಂದು ಬ್ರೇಕು ಇರುವ ಕಾರು ಅದು. ಕಲಿಯುವವರು ಕಣ್ಣು ಮಿಟುಕಿಸುವಷ್ಟರಲ್ಲಿ ಅವಳ ಕಾಲು ಅದರ ಮೇಲಿರುತ್ತಿತ್ತು. ಹಾಗಾಗಿ ಅವಳು ಬ್ರೇಕಮ್ಮ. ಊರಿನ ಅರ್ಧ ಜನಕ್ಕೆ ಸ್ಟಿಯರಿಂಗು ಹಿಡಿಯಲು ಕಲಿಸಿದವಳು, ಉಳಿದರ್ಧ ಜನರ ಓಡಿಸುವ ಚಂದವನ್ನು ಬೈಯುತ್ತ ಕೂರುವವಳು.

ಒಂದು ವರ್ಷದಿಂದ ಡ್ಯೂಟಿ ಅಕ್ಕನ ಕಣ್ಣು ಅಮ್ಮನ ಮೇಲೆ ಬಿದ್ದಿತ್ತು. ಅಮ್ಮ ಗೇಟಿನ ಕಂಬಕ್ಕೆ ಕಾರಿನ ಕನ್ನಡಿ ತಾಗಿಸಿದ್ದಳು. ಕಲಿಯಲು ಬಂದ ಬ್ಯಾಂಕಿನ ಗುಮಾಸ್ತೆಯನ್ನು ಹೋದ ವರ್ಷ ಬರುತ್ತಿದ್ದ ದಂತವೈದ್ಯೆಯ ಹೆಸರಿನಿಂದ ಕರೆದಿದ್ದಳು. ಮಾತಿನ ನಡುವೆ "ಅದು... ಅದೇ, ಏನಂತಾರೆ ಅದಕ್ಕೆ" ಎಂದು ಗಾಳಿಯಲ್ಲಿ ಬೆರಳಾಡಿಸುವುದು ಹೆಚ್ಚಾಗಿತ್ತು. ಇದನ್ನೆಲ್ಲ ಮಗಳು ಮನಸ್ಸಿನಲ್ಲೇ ಒಂದರ ಪಕ್ಕ ಒಂದು ಜೋಡಿಸಿಡುತ್ತಿದ್ದಳು. ಬೇರೆ ಊರಿನಲ್ಲಿದ್ದ ಅಣ್ಣ ಫೋನಿನಲ್ಲಿ ಒತ್ತಾಯ ಹಾಕುತ್ತಿದ್ದ. ಹೇಗಾದರೂ ಮಾಡಿ ಅಮ್ಮನ ಕೈಯಿಂದ ಕಾರು ಬಿಡಿಸು, ಏನಾದರೂ ಆದಮೇಲೆ ಬಾಯಿ ಬಡಿದುಕೊಂಡರೆ ಏನು ಬಂತು ಎನ್ನುವುದು ಅವನ ವಾದ. ಅಮ್ಮನ ಎದುರು ಮಾತ್ರ ಅವನು ಕಾರಿನ ಸುದ್ದಿಯೇ ಎತ್ತುತ್ತಿರಲಿಲ್ಲ. ಅವಳಿಗೆ ಎದುರಾಡಿ ಗೆದ್ದವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಹೀಗಿರುವಾಗ ಡಿಪೋದ ಕ್ಯಾಂಟೀನಿನ ಗೋಡೆಯ ಮೇಲೆ ಒಂದು ಪ್ರಕಟಣೆ ಕಾಣಿಸಿಕೊಂಡಿತು. ವಯಸ್ಸಾದಂತೆ ಮಿದುಳು ಹೇಗೆ ಬದಲಾಗುತ್ತದೆ ಎಂದು ತಿಳಿಯುವ ಅಧ್ಯಯನಕ್ಕೆ, ಯಂತ್ರದಲ್ಲಿ ತಲೆಯ ಸ್ಕ್ಯಾನು ಮಾಡಿಸಿಕೊಳ್ಳಲು ಒಪ್ಪುವ ಒಂದೇ ಮನೆಯ ಅಜ್ಜಿ, ಮಗಳು, ಮೊಮ್ಮಗಳು ಬೇಕಾಗಿದ್ದರು. ಡ್ಯೂಟಿ ಅಕ್ಕ ಅದರ ಮುಂದೆ ಲೋಟ ಹಿಡಿದುಕೊಂಡೇ ನಿಂತಳು. ತಾನು ಹೇಳಿದರೆ ಅಮ್ಮ ಕೇಳುವುದಿಲ್ಲ. ಯಂತ್ರ ಹೇಳಿದರೆ ಕೇಳಲೇಬೇಕು ಎಂದು ಅವಳ ಎಣಿಕೆ.

ಮನೆಯಲ್ಲಿ ಅವಳು ವಿಷಯವನ್ನು ಬೇರೆ ದಾರಿಯಿಂದ ತಂದಳು. ಗುಬ್ಬಿಗೆ ವಿಜ್ಞಾನದ ಹುಚ್ಚು, ಅವಳಿಗೊಂದು ಅನುಭವವಾಗುತ್ತದೆ ಎಂದಳು. ಗುಬ್ಬಿ ಆಗಲೇ ಕುಣಿಯುತ್ತಿದ್ದಳು. ಬ್ರೇಕಮ್ಮ ಕನ್ನಡಕದ ಮೇಲಿನಿಂದ ಮಗಳನ್ನು ನೋಡಿ, ತನ್ನ ತಲೆಯಿಂದ ಯಾರಿಗಾದರೂ ಉಪಯೋಗವಾಗುವುದಾದರೆ ಬೇಡ ಎನ್ನುವುದೇಕೆ, ಇಷ್ಟು ದಿನ ಅದು ತನ್ನ ಮಕ್ಕಳಿಗಂತೂ ಬೇಕಾಗಿರಲಿಲ್ಲ ಎಂದಳು.

ಸಂಶೋಧನಾ ಕೇಂದ್ರ ದೊಡ್ಡಾಸ್ಪತ್ರೆಯ ಹಿಂಬದಿಯ ಕಟ್ಟಡದಲ್ಲಿತ್ತು. ಉದ್ದನೆಯ ಓಣಿ, ಫಿನಾಯಿಲ್ ವಾಸನೆ, ಗೋಡೆಗೆ ಒರಗಿಸಿಟ್ಟ ಪ್ಲಾಸ್ಟಿಕ್ ಕುರ್ಚಿಗಳು. ನರ್ಸು ಮೂವರ ಬಿಪಿಯನ್ನೂ ನೋಡಿದಳು. ಡ್ಯೂಟಿ ಅಕ್ಕನದನ್ನು ಎರಡು ಸಲ ನೋಡಿ ಹುಬ್ಬು ಗಂಟಿಕ್ಕಿದಳು. ಮೆಟ್ಟಿಲು ಹತ್ತಿ ಓಡಿ ಬಂದೆ, ಬೆಳಗಿನಿಂದ ಫೋನಿನ ಮೇಲೆ ಫೋನು ಎಂದು ಇವಳು ಸಮಜಾಯಿಷಿ ಕೊಟ್ಟಳು. ಬೇಗ ಯಾರಾದರೂ ಡಾಕ್ಟರಿಗೆ ತೋರಿಸಿ ಎಂದು ನರ್ಸು ಹೇಳಿದ್ದಕ್ಕೆ ಹೂಂ ಎಂದಳು. ಆ ಹೂಂ ಕಟ್ಟಡದ ಬಾಗಿಲು ದಾಟುವುದರೊಳಗೆ ಅವಳ ತಲೆಯಿಂದ ಹಾರಿಹೋಯಿತು.

ಅಧ್ಯಯನ ನಡೆಸುತ್ತಿದ್ದ ಡಾಕ್ಟರು ಮೆಲುದನಿಯ ಹೆಂಗಸು. ಗುಬ್ಬಿ ಪ್ರಶ್ನೆಗಳ ಮಳೆ ಸುರಿಸಿದಾಗ ಬೇಸರಪಡದೆ ಹೇಳಿದರು. ಮಿದುಳಿಗೆ ಹೊರಗೆ ಬೂದು ಬಣ್ಣದ ಒಂದು ತೆಳು ಪದರ ಇರುತ್ತದೆ, ಯೋಚನೆಯ ಕೆಲಸ ಬಹಳಷ್ಟು ಅಲ್ಲಿ ನಡೆಯುತ್ತದೆ. ಅದರೊಳಗೆ ಬಿಳಿಯ ನಾರುಗಳ ರಾಶಿ, ಒಂದು ಕಡೆಯ ಸುದ್ದಿಯನ್ನು ಇನ್ನೊಂದು ಕಡೆಗೆ ಒಯ್ಯುವುದು ಅವುಗಳ ಕೆಲಸ. ಹೊರಪದರ ಚಿಕ್ಕಂದಿನಲ್ಲೇ ಎಲ್ಲಕ್ಕಿಂತ ದಪ್ಪಗಿದ್ದು ಆಮೇಲೆ ತೆಳುವಾಗುತ್ತ ಹೋಗುತ್ತದೆ. ಬಿಳಿಯ ಭಾಗ ಹಾಗಲ್ಲ, ನಡುವಯಸ್ಸಿನವರೆಗೂ ಬೆಳೆಯುತ್ತ ಬಂದು ಆಮೇಲೆ ಇಳಿಮುಖವಾಗುತ್ತದೆ.

"ಹಾಗಾದ್ರೆ ನಮ್ಮ ಮೂವರಲ್ಲಿ ಅಮ್ಮಂದೇ ಎಲ್ಲಕ್ಕಿಂತ ಚೆನ್ನಾಗಿರತ್ತೆ" ಎಂದಳು ಗುಬ್ಬಿ.

"ಬಿಳಿ ಭಾಗದ ಮಟ್ಟಿಗೆ ಹಾಗೇ ಇರಬೇಕು" ಎಂದು ಡಾಕ್ಟರು ನಕ್ಕರು.

ಒಂದು ಷರತ್ತನ್ನೂ ಹೇಳಿದರು. ಇದು ಅಧ್ಯಯನ, ಚಿಕಿತ್ಸೆಯಲ್ಲ. ಯಾರ ತಲೆ ಹೇಗಿದೆ ಎಂದು ಸದ್ಯಕ್ಕೆ ಅವರಿಗೆ ತಿಳಿಸುವುದಿಲ್ಲ. ಚಿಕಿತ್ಸೆ ಬೇಕಾದಂಥದ್ದೇನಾದರೂ ಕಂಡರೆ ಮಾತ್ರ ಫೋನು ಮಾಡುತ್ತೇವೆ. ಇದನ್ನು ಕೇಳಿ ಡ್ಯೂಟಿ ಅಕ್ಕನಿಗೆ ಮೊದಲು ಪೆಚ್ಚೆನಿಸಿದರೂ ಆಮೇಲೆ ಅಷ್ಟೇ ಸಾಕು ಎನಿಸಿತು.

ಕಿವಿಯಲ್ಲಿದ್ದುದು, ಬೆರಳಲ್ಲಿದ್ದುದು, ಕೂದಲಿನ ಪಿನ್ನು ಎಲ್ಲ ತೆಗೆದು ತಟ್ಟೆಗೆ ಹಾಕಿ ಒಬ್ಬೊಬ್ಬರಾಗಿ ಯಂತ್ರದೊಳಗೆ ಮಲಗಿ ಬಂದರು. ಒಳಗೆ ಯಾರೋ ತಗಡು ಬಡಿದಂಥ ಸದ್ದು. ಆಮೇಲೆ ಕಂಪ್ಯೂಟರಿನ ಎದುರು ಕೂರಿಸಿ, ದೀಪ ಕಂಡ ಕೂಡಲೇ ಗುಂಡಿ ಒತ್ತಿಸಿದರು, ಪದಗಳನ್ನು ಹೇಳಿ ನೆನಪಿನಿಂದ ತಿರುಗಿ ಹೇಳಿಸಿದರು. ಬ್ರೇಕಮ್ಮನ ಬೆರಳು ಗುಬ್ಬಿಯದಕ್ಕಿಂತ ಬಹಳ ತಡ. ಡ್ಯೂಟಿ ಅಕ್ಕ ಪಕ್ಕದ ಕೋಣೆಯ ಗಾಜಿನಾಚೆಯಿಂದ ಅದನ್ನು ನೋಡಿ, ಮನಸ್ಸಿನ ಪಟ್ಟಿಗೆ ಸೇರಿಸಿಕೊಂಡಳು.

ಕೆಲವು ವಾರ ಕಳೆದವು. ಒಂದು ಮಧ್ಯಾಹ್ನ ಇಬ್ಬರು ಡ್ರೈವರುಗಳು ಹೇಳದೆ ಕೇಳದೆ ಕೈಕೊಟ್ಟು, ಡ್ಯೂಟಿ ಅಕ್ಕ ಒಂದೊಂದು ಕಿವಿಗೆ ಒಂದೊಂದು ಫೋನು ಇಟ್ಟುಕೊಂಡು ಕೂತಿದ್ದಾಗ ಕೇಂದ್ರದಿಂದ ಕರೆ ಬಂತು. ಸ್ಕ್ಯಾನಿನ ವಿಷಯವಾಗಿ ಸ್ವಲ್ಪ ಮಾತಾಡಬೇಕಿತ್ತು, ಫೋನಿನಲ್ಲಿ ಬೇಡ, ನಾಳೆ ಬೆಳಿಗ್ಗೆ ಬರಲಾಗುತ್ತದೆಯೇ ಎಂದು ಡಾಕ್ಟರು ಕೇಳಿದರು. ಬರುತ್ತೇನೆ ಎಂದಳು. ಯಾರ ಸ್ಕ್ಯಾನು ಎಂದು ಕೇಳಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ.

ಅಂದು ಸಂಜೆ ಅಣ್ಣನಿಗೆ ಫೋನು ಮಾಡಿ ತಿಳಿಸಿದಳು. ನಾನು ಮೊದಲಿಂದಲೂ ಬಡಕೊಳ್ಳುತ್ತಿರಲಿಲ್ಲವೇ ಎಂದ ಅವನು, ಆಮೇಲೆ ಅಮ್ಮನಿಗೆ ಒಮ್ಮೆಲೇ ಹೇಳಬೇಡ, ನಯವಾಗಿ ಹೇಳು ಎಂದ. ಡ್ಯೂಟಿ ಅಕ್ಕನಿಗೆ ದುಃಖವಾಯಿತು. ಅದರ ಜೊತೆಗೇ ಬಹಳ ದಿನದ ವ್ಯಾಜ್ಯವೊಂದು ತನ್ನ ಕಡೆಗೆ ತೀರ್ಪಾದಾಗಿನಂಥ ನಿರಾಳವೂ ಆಯಿತು. ಮರುದಿನ ಬೆಳಿಗ್ಗೆ ಅಮ್ಮ ಸ್ನಾನಕ್ಕೆ ಹೋಗಿದ್ದಾಗ ಬಾಗಿಲ ಪಕ್ಕದ ಮೊಳೆಯಿಂದ ಕಾರಿನ ಕೀ ತೆಗೆದು ಚೀಲಕ್ಕೆ ಹಾಕಿಕೊಂಡು ಹೊರಟಳು. ಡಾಕ್ಟರ ಮಾತು ಕೇಳಿ ಬರುವವರೆಗೆ ಕಾರು ಹೊರಗೆ ಹೋಗಬಾರದು. ಅಷ್ಟು ಮಾತ್ರ ಅವಳ ತಲೆಯಲ್ಲಿದ್ದದ್ದು.

ಡಾಕ್ಟರು ಬಾಗಿಲು ಮುಂದೆ ಮಾಡಿ, ಪರದೆಯ ಮೇಲೆ ಚಿತ್ರವೊಂದನ್ನು ತಂದರು. ಅಡ್ಡಲಾಗಿ ಸೀಳಿದ ಹಣ್ಣಿನ ಹಾಗಿತ್ತು ಅದು. ನಡುವೆ ಅಲ್ಲಲ್ಲಿ ಬೆಳ್ಳಗೆ ಸುಣ್ಣ ಸಿಡಿದಂತೆ ಚುಕ್ಕೆಗಳು, ಒಂದೆರಡು ಕಡೆ ಕೂಡಿಕೊಂಡು ಮಚ್ಚೆಯಾಗಿದ್ದವು.

ಡ್ಯೂಟಿ ಅಕ್ಕ ಸಿದ್ಧಮಾಡಿಕೊಂಡು ಬಂದಿದ್ದ ಪ್ರಶ್ನೆ ಕೇಳಿದಳು. "ಇನ್ನು ಅವರು ಕಾರು ಓಡಿಸೋ ಹಾಗಿಲ್ಲ ಅಲ್ವಾ?"

"ಯಾರು?"

"ನಮ್ಮಮ್ಮ."

ಡಾಕ್ಟರು ಪರದೆಯಿಂದ ತಿರುಗಿ ಅವಳನ್ನು ನೋಡಿದರು. "ಇದು ನಿಮ್ಮ ಅಮ್ಮಂದಲ್ಲ. ನಿಮ್ಮದು."

ಡ್ಯೂಟಿ ಅಕ್ಕ ಚಿತ್ರದ ಮೂಲೆಯಲ್ಲಿದ್ದ ಹುಟ್ಟಿದ ವರ್ಷವನ್ನು ಓದಿದಳು. ತನ್ನದೇ ಆಗಿತ್ತು. ಅವಳಿಗೆ ಆಗ ಅನಿಸಿದ್ದು ಭಯವಲ್ಲ, ಎಲ್ಲೋ ಪಾಳಿ ಅದಲುಬದಲಾಗಿದೆ, ಸರಿಪಡಿಸಬೇಕು ಎಂಬಂಥ ಒಂದು ಕಿರಿಕಿರಿ.

ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು. ಇಂಥ ಚುಕ್ಕೆಗಳು ವಯಸ್ಸಾದವರಲ್ಲಿ ಸಾಮಾನ್ಯ. ಆದರೆ ನಲವತ್ತೆಂಟಕ್ಕೆ ಇಷ್ಟೊಂದು ಇರಬಾರದು. ಬಹಳ ವರ್ಷ ಬಿಪಿ ಏರಿಕೊಂಡೇ ಇದ್ದರೆ ಮಿದುಳಿನೊಳಗಿನ ಸಣ್ಣ ಸಣ್ಣ ರಕ್ತನಾಳಗಳು ಪೆಡಸಾಗುತ್ತವೆ, ಅವು ಉಣಿಸಬೇಕಾದ ಬಿಳಿ ನಾರುಗಳು ಸೊರಗುತ್ತವೆ. ಈ ಚುಕ್ಕೆಗಳು ಬಹುಮಟ್ಟಿಗೆ ಅದರ ಗುರುತು. ಅಂದು ನರ್ಸು ನೋಡಿದಾಗ ಮೇಲಿನ ಬಿಪಿ ನೂರ ಎಪ್ಪತ್ತು ದಾಟಿತ್ತು, ತೋರಿಸಿದಿರಾ ಎಂದು ಕೇಳಿದರು. ಇವಳು ತಲೆಯಾಡಿಸಿದಳು, ಇಲ್ಲ ಎಂದು. ಬಂದದ್ದು ಹೋಗುತ್ತದೆ ಎಂದು ಭರವಸೆ ಕೊಡಲಾರೆ, ಇನ್ನಷ್ಟು ಬರದ ಹಾಗೆ ನೋಡಿಕೊಳ್ಳಬಹುದು, ಅದು ಸಣ್ಣ ಮಾತಲ್ಲ ಎಂದರು ಡಾಕ್ಟರು. ಬಿಟ್ಟರೆ ಮುಂದೆ ಪಾರ್ಶ್ವವಾಯು, ಮರೆವು, ಎರಡಕ್ಕೂ ದಾರಿಯಾಗುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ.

"ಅಮ್ಮಂದು ಹೇಗಿದೆ?" ಎಂದು ಕೇಳಿದಳು. ಅದನ್ನು ಹೇಳುವ ಹಾಗಿಲ್ಲ, ಅವರಿಗೆ ಫೋನು ಮಾಡುವಂಥದ್ದೇನೂ ಕಾಣಲಿಲ್ಲ ಎಂದಷ್ಟೇ ತಿಳಿದುಕೊಳ್ಳಿ ಎಂದರು ಡಾಕ್ಟರು. ಮತ್ತೆ ಕಾರಿನ ಮಾತು ನೆನಪಾಗಿ, ಯಾರಾದರೂ ಗಾಡಿ ಓಡಿಸಬಹುದೋ ಬಾರದೋ ಎಂಬುದನ್ನು ಇಂಥ ಚಿತ್ರ ನೋಡಿ ಹೇಳುವುದಕ್ಕೆ ಬರುವುದಿಲ್ಲ, ರಸ್ತೆಯ ಮೇಲೆ ಓಡಿಸುವುದನ್ನು ನೋಡಿಯೇ ಹೇಳಬೇಕು ಎಂದೂ ಸೇರಿಸಿದರು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಮನೆಗೆ ಬಂದಳು. ಡ್ರೈವರು ಪರಿಚಯದವನು, ಕನ್ನಡಿಯಲ್ಲಿ ನೋಡಿ ತಲೆಬಾಗಿಸಿದ. ಅವನ ಹೆಸರು ತಟ್ಟನೆ ಬಾಯಿಗೆ ಬರಲಿಲ್ಲ. ನಿನ್ನೆಯಾಗಿದ್ದರೆ ಅದು ಏನೂ ಅಲ್ಲ. ಇಂದು ಅದು ಬಾಯಿಗೆ ಬರುವವರೆಗೆ ಅವಳು ಅವನಿಂದ ಕಣ್ಣು ಕೀಳಲಿಲ್ಲ.

ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಹಜಾರದ ನಡುವೆ ಅಮ್ಮ ನೆಲದ ಮೇಲೆ ಕೂತಿದ್ದಳು. ಸುತ್ತ ಮೇಜಿನ ಖಾನೆಗಳನ್ನೆಲ್ಲ ಹೊರಗೆಳೆದು ಬೋರಲು ಹಾಕಿದ್ದಳು. ಗುಂಡಿಗಳು, ಹಳೆಯ ಬ್ಯಾಟರಿಗಳು, ದಾರದ ಉಂಡೆಗಳು ಚೆಲ್ಲಾಪಿಲ್ಲಿಯಾಗಿದ್ದವು. ಗೋಡೆಗೆ ನೇತುಹಾಕಿದ್ದ ಕೋಟಿನ ಜೇಬುಗಳು ನಾಲಗೆ ಚಾಚಿದಂತೆ ಹೊರಗೆ ಬಂದಿದ್ದವು. ಬ್ರೇಕಮ್ಮ ತಲೆಯೆತ್ತಿ ನೋಡಿದಾಗ ಅವಳ ಮುಖದಲ್ಲಿ ಮಗಳು ಹಿಂದೆಂದೂ ಕಾಣದ ಒಂದು ದಿಗಿಲಿತ್ತು.

"ಕೀ ಸಿಕ್ತಿಲ್ಲ ಕಣೇ" ಎಂದಳು. ದನಿ ಬಹಳ ಸಣ್ಣದಾಗಿತ್ತು. "ಮೊಳೆಗೇ ಹಾಕಿದೆ ಅಂತ ಕಣ್ಣಿಗೆ ಕಟ್ಟಿದ ಹಾಗಿದೆ. ಅಲ್ಲಿಲ್ಲ. ಬೇರೆ ಎಲ್ಲಿಟ್ಟೆ ಅಂತ ಎಷ್ಟು ಯೋಚನೆ ಮಾಡಿದ್ರೂ ಬರ್ತಿಲ್ಲ."

ಡ್ಯೂಟಿ ಅಕ್ಕನ ಕೈ ಚೀಲದ ಮೇಲಿತ್ತು. ಅಡುಗೆಮನೆಗೆ ಹೋಗಿ ಡಬ್ಬಿಗಳ ಹಿಂದೆ ಕೀ ಇಟ್ಟು, ಇಲ್ಲೇ ಇದೆಯಲ್ಲಮ್ಮ ಎಂದು ಕೂಗಬಹುದಿತ್ತು. ಕ್ಷಣದ ಕೆಲಸ. ಅಮ್ಮ ನಂಬಿಬಿಡುತ್ತಿದ್ದಳು. ಜೀವನಪೂರ್ತಿ ತಾನೇ ಅಲ್ಲಿಟ್ಟು ಮರೆತದ್ದು ಎಂದುಕೊಳ್ಳುತ್ತಿದ್ದಳು. ಅಣ್ಣನೂ ತಾನೂ ವರ್ಷದಿಂದ ಬಯಸಿಯೂ ಆಗದೇ ಇದ್ದದ್ದು ಆ ಒಂದು ಸುಳ್ಳಿನಿಂದ ಆಗಿಬಿಡುತ್ತಿತ್ತು. ಡ್ಯೂಟಿ ಅಕ್ಕ ಅದನ್ನು ಯೋಚಿಸಿದಳು ಎಂಬುದು ನಿಜ. ಆಮೇಲೆ ಅಮ್ಮನ ಎದುರು ಚಕ್ಕಂಬಕ್ಕಳ ಹಾಕಿ ಕೂತು, ಚೀಲದಿಂದ ಕೀ ತೆಗೆದು ನೆಲದ ಮೇಲಿಟ್ಟಳು.

"ನೀನು ಎಲ್ಲೂ ಇಟ್ಟಿಲ್ಲ. ನಾನೇ ತಗೊಂಡು ಹೋಗಿದ್ದೆ."

ಬ್ರೇಕಮ್ಮ ಕೀಯನ್ನೂ ಮಗಳನ್ನೂ ನೋಡಿದಳು. "ಯಾಕೆ?"

ಡ್ಯೂಟಿ ಅಕ್ಕ ಎಲ್ಲ ಹೇಳಿದಳು. ಗುಬ್ಬಿಯ ವಿಜ್ಞಾನ ಒಂದು ನೆಪ, ಸ್ಕ್ಯಾನು ಮಾಡಿಸಿದ್ದೇ ಕಾರು ಬಿಡಿಸುವುದಕ್ಕೆ ಎಂಬುದನ್ನು, ಅಣ್ಣನ ಜೊತೆ ಆಡಿದ ಮಾತನ್ನು, ಬೆಳಿಗ್ಗೆ ಡಾಕ್ಟರು ಕರೆಸಿದ್ದನ್ನು ಒಂದೊಂದಾಗಿ ಒಪ್ಪಿಸಿದಳು. ಚುಕ್ಕೆಗಳ ಮಾತು ಬಂದಾಗ ಬ್ರೇಕಮ್ಮನ ಬೆರಳು ಕೀಯ ಉಂಗುರವನ್ನು ತಿರುಗಿಸುವುದನ್ನು ನಿಲ್ಲಿಸಿತು.

"ಅಂದ್ರೆ ನನ್ನ ತಲೆ ಕೆಟ್ಟಿದೆ ಅಂತಾನಾ?"

"ನಿಂದಲ್ಲಮ್ಮ. ನಂದು."

ಬ್ರೇಕಮ್ಮ ಮಗಳ ಹಣೆಯ ಮೇಲೆ ಕೈಯಿಟ್ಟಳು, ಜ್ವರ ನೋಡುವವರ ಹಾಗೆ. ಅದರಿಂದ ಏನೂ ತಿಳಿಯುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆಮೇಲೆ ಮಂಡಿ ಹಿಡಿದುಕೊಂಡು ಎದ್ದಳು.

"ಆ ಗುಮಾಸ್ತೆ ಬಂದು ಬೀದಿ ತುದೀಲಿ ಕಾಯ್ತಾ ಇರ್ತಾಳೆ. ಅವಳ ಕೈಲಿ ಒಂದು ಸುತ್ತು ಓಡಿಸಿ ಬರ್ತೀನಿ. ನೀನು ಡಿಪೋಗೆ ಹೋಗಕೂಡದು ಇವತ್ತು. ಮಲಕ್ಕೋ." ಬಾಗಿಲ ಬಳಿ ನಿಂತು, ತಿರುಗದೆಯೇ ಹೇಳಿದಳು. "ಕೀ ತಗೊಂಡಿದ್ದು ದೊಡ್ಡದಲ್ಲ. ನಾನು ಇಲ್ಲಿ ಕೂತು ಹುಡುಕಿದ್ನಲ್ಲ, ಅಷ್ಟು ಹೊತ್ತು ನನ್ನ ಕಥೆ ಮುಗೀತು ಅಂದ್ಕೊಂಡಿದ್ದೆ. ಅದನ್ನ ನೀನು ವಾಪಸ್ ತಗೊಳ್ಳೋಕಾಗಲ್ಲ."

ವಾರವಿಡೀ ಅವಳು ಆ ಸುದ್ದಿ ಎತ್ತಲಿಲ್ಲ. ಊಟಕ್ಕೆ ಬಾ, ಬಾಗಿಲು ಹಾಕು, ಇಷ್ಟೇ ಮಾತು. ಆದರೆ ಮರುದಿನ ಬೆಳಿಗ್ಗೆಯೇ ಮಗಳನ್ನು ಕಾರಿನಲ್ಲಿ ಕೂರಿಸಿಕೊಂಡು ತನ್ನ ಹಳೆಯ ಡಾಕ್ಟರ ಬಳಿಗೆ ಕರೆದೊಯ್ದು, ಅವರು ಬಿಪಿ ನೋಡಿ ಮಾತ್ರೆ ಬರೆಯುವವರೆಗೂ ಪಕ್ಕದಲ್ಲೇ ನಿಂತಿದ್ದಳು. ಮಾತ್ರೆ ನುಂಗಿಯಾಯಿತೇ ಎಂದು ನೋಡುವ ಕೆಲಸವನ್ನು ಗುಬ್ಬಿಗೆ ಒಪ್ಪಿಸಿದಳು. ಗುಬ್ಬಿ ಪೊಲೀಸಿನವಳಿಗಿಂತ ಬಿಗಿಯಾದಳು, ಬಾಯಿ ತೆರೆಸಿ ನಾಲಗೆಯಡಿ ನೋಡುವಷ್ಟು.

ಡಿಪೋದಲ್ಲಿ ಡ್ಯೂಟಿ ಅಕ್ಕ ಬೆಳಗಿನ ಫೋನುಗಳನ್ನು ಸಹಾಯಕನಿಗೆ ವಹಿಸಿದಳು. ಅವನ ಕೈಯಲ್ಲಿ ಬಸ್ಸುಗಳೆಲ್ಲ ಅಡ್ಡಾದಿಡ್ಡಿಯಾಗುತ್ತವೆ ಎಂದು ಅವಳಿಗೆ ಖಾತ್ರಿಯಿತ್ತು. ಮೊದಲ ದಿನ ಒಂದು ಬಸ್ಸು ತಡವಾಗಿ ಹೊರಟದ್ದು ಬಿಟ್ಟರೆ ಏನೂ ಆಗಲಿಲ್ಲ. ಇದು ಅವಳಿಗೆ ಸಮಾಧಾನವನ್ನೂ ತಂದಿತು, ಅದಕ್ಕಿಂತ ಹೆಚ್ಚು ಅವಮಾನವನ್ನೂ ತಂದಿತು. ಮಧ್ಯಾಹ್ನ ಕೂತು ಊಟ ಮಾಡುವುದನ್ನು ಹೊಸದಾಗಿ ಕಲಿಯಬೇಕಾಯಿತು. ಒಂದು ಹೆಸರು ಮರೆತರೆ, ಒಲೆ ಆರಿಸಿದೆನೇ ಇಲ್ಲವೇ ಎಂದು ಅನುಮಾನ ಬಂದರೆ, ಕೂಡಲೇ ತಲೆಯೊಳಗಿನ ಬಿಳಿ ಚುಕ್ಕೆಗಳು ಕಣ್ಣ ಮುಂದೆ ಬರುತ್ತಿದ್ದವು. ಒಂದು ವರ್ಷ ಅಮ್ಮನನ್ನು ತಾನು ನೋಡಿದ ರೀತಿಯಲ್ಲೇ ಈಗ ತನ್ನನ್ನು ತಾನು ನೋಡಿಕೊಳ್ಳುತ್ತಿದ್ದಳು. ಅದು ಎಂಥ ನೋಟ ಎಂಬುದು ಅವಳಿಗೆ ಆಗ ತಿಳಿಯಿತು.

ಬ್ರೇಕಮ್ಮ ತನ್ನದನ್ನು ತಾನೇ ಬಗೆಹರಿಸಿಕೊಂಡಳು. ಯಾರಿಗೂ ಹೇಳದೆ ಒಂದು ದಿನ ಲೈಸೆನ್ಸ್ ಕಚೇರಿಗೆ ಹೋಗಿ, ತನ್ನನ್ನು ಹೊಸಬಳಂತೆ ಪರೀಕ್ಷೆ ಮಾಡಿ ಎಂದು ಅಧಿಕಾರಿಯ ಪಕ್ಕ ಕೂತು ಊರೆಲ್ಲ ಓಡಿಸಿ ಬಂದಳು. ಸಂಜೆ ಊಟದ ಹೊತ್ತಿಗೆ ಫಲಿತಾಂಶ ತಿಳಿಸಿದಳು. ಓಡಿಸಲು ಅಡ್ಡಿಯಿಲ್ಲ, ಆದರೆ ದೊಡ್ಡ ಕೂಡುರಸ್ತೆಗಳಲ್ಲಿ ಎರಡೂ ಕಡೆಯಿಂದ ಒಟ್ಟಿಗೆ ಗಾಡಿಗಳು ಬಂದರೆ ತೀರ್ಮಾನ ತಡ ಎಂದು ಅಧಿಕಾರಿ ಹೇಳಿದ್ದ.

"ಅವನು ಹೇಳೋದೇನು, ನನಗೇ ಗೊತ್ತಿತ್ತು" ಎಂದಳು. "ನನ್ನ ಗಾಡಿ ನಾನು ಓಡಿಸ್ತೀನಿ, ಬೆಳಕಿರೋವಾಗ. ಕಲಿಸೋದು ಸಾಕು. ಇನ್ನೊಬ್ಬರ ತಪ್ಪಿಗೆ ಬ್ರೇಕು ಒತ್ತೋಕೆ ಬೇಕಾದ ಕಾಲು ಈಗ ನನ್ನ ಹತ್ರ ಇಲ್ಲ."

ಡ್ಯೂಟಿ ಅಕ್ಕ ಒಂದು ವರ್ಷ ಕೇಳಬೇಕೆಂದಿದ್ದ ಮಾತು ಅದೇ. ಕೇಳಿದಾಗ ತುತ್ತು ನೆತ್ತಿಗೇರಿ ಕೆಮ್ಮತೊಡಗಿದಳು. ನೀರಿನ ಲೋಟವನ್ನು ಅವಳತ್ತ ಸರಿಸಿದವಳು ಅಮ್ಮನೇ.

ಮೂರು ವರ್ಷದ ಮೇಲೆ ಕೇಂದ್ರದವರು ಮತ್ತೆ ಕರೆದರು. ಅಧ್ಯಯನದ ಮೊದಲ ಭಾಗ ಮುಗಿದಿತ್ತು, ಇಷ್ಟಪಟ್ಟವರಿಗೆ ಅವರವರ ಚಿತ್ರ ತೋರಿಸುವುದಾಗಿ ತಿಳಿಸಿದ್ದರು. ಮೂವರೂ ಒಟ್ಟಿಗೇ ನೋಡುತ್ತೇವೆ ಎಂದರು. ಮೆಲುದನಿಯ ಡಾಕ್ಟರು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟರು. ಹದಿನೇಳರ ಗುಬ್ಬಿಯ ಹೊರಪದರ ಮೊದಲಿಗಿಂತ ತೆಳುವಾಗಿತ್ತು. ಗುಬ್ಬಿಯ ಮುಖ ಸಣ್ಣದಾದದ್ದು ಕಂಡು ಡಾಕ್ಟರು, ಈ ವಯಸ್ಸಿಗೆ ಹಾಗೇ ಆಗಬೇಕು, ಬೇಡದ ಕೊಂಡಿಗಳು ಹೋಗಿ ಬೇಕಾದವು ಗಟ್ಟಿಯಾಗುವ ಕಾಲ ಇದು, ಬಿಳಿ ಭಾಗ ನೋಡು, ಬೆಳೆದಿದೆ ಎಂದರು. ಬ್ರೇಕಮ್ಮನ ಚಿತ್ರದಲ್ಲಿ ಮಿದುಳು ಬುರುಡೆಯಿಂದ ಸ್ವಲ್ಪ ಒಳಗೆ ಸರಿದು, ಸುತ್ತ ಕಪ್ಪನೆಯ ಅಂಚು ಅಗಲವಾಗಿತ್ತು. ಹೊರಪದರ, ಬಿಳಿ ಭಾಗ ಎರಡೂ ಕಡಿಮೆಯಾಗಿವೆ, ಆದರೆ ವಯಸ್ಸಿಗೆ ತಕ್ಕಷ್ಟು ಮಾತ್ರ ಎಂದು ಡಾಕ್ಟರು ಹೇಳಿದರು.

ಬ್ರೇಕಮ್ಮ ಕನ್ನಡಕ ಮೂಗಿನ ಮೇಲೆ ಏರಿಸಿ ಆ ಕಪ್ಪು ಅಂಚನ್ನು ಚೆನ್ನಾಗಿ ನೋಡಿದಳು. "ಇಷ್ಟು ಜಾಗ ಖಾಲಿ ಇದೆ ಅಂತ ಮೊದಲೇ ಗೊತ್ತಿದ್ರೆ ಬಾಡಿಗೆಗೆ ಕೊಡಬಹುದಿತ್ತು."

ಕೊನೆಗೆ ಡ್ಯೂಟಿ ಅಕ್ಕನದು. ಡಾಕ್ಟರು ಒಂದೊಂದು ಚುಕ್ಕೆಯನ್ನೂ ಹಳೆಯದರ ಜೊತೆ ಹೋಲಿಸಿ ತೋರಿಸಿದರು. ಮೊದಲಿದ್ದವು ಇದ್ದಲ್ಲೇ ಇದ್ದವು. ಹೊಸದಾಗಿ ಒಂದು ಬಂದಿತ್ತು, ಬಹಳ ಸಣ್ಣದು. ಚುಕ್ಕೆಗಳು ಹೆಚ್ಚುವುದು ನಿಂತಂತೆಯೇ ಎಂದು ತಿಳಿಯಿರಿ, ಮಾತ್ರೆ ಮಾತ್ರ ಬಿಡಬೇಡಿ ಎಂದರು.

ಈ ಮಾತು ಕೇಳಿದರೆ ಅತ್ತುಬಿಡುತ್ತೇನೆ ಎಂದು ಡ್ಯೂಟಿ ಅಕ್ಕ ಮೂರು ವರ್ಷದಿಂದ ಅಂದುಕೊಂಡಿದ್ದಳು. ಅಳು ಬರಲಿಲ್ಲ. ಆ ಹೊಸ ಚುಕ್ಕೆ ಎಂದು ಬಂದಿರಬಹುದು, ಆಗ ತಾನೇನು ಮಾಡುತ್ತಿದ್ದೆ ಎಂದು ಸ್ವಲ್ಪ ಯೋಚಿಸಿದಳು, ಗೊತ್ತಾಗಲಿಲ್ಲ. ಓಣಿಗೆ ಬಂದಾಗ ಅವಳಿಗೆ ಜೋರಾಗಿ ಹಸಿವಾಗಿತ್ತು. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಮೂವರೂ ಕಿಟಕಿ ಪಕ್ಕದ ಮೇಜು ಹಿಡಿದರು. ಗುಬ್ಬಿ ಫೋನು ನೋಡುತ್ತ ಕೂತಳು. ಬ್ರೇಕಮ್ಮ ಕಿಟಕಿಯಾಚೆ ಹಿಂದಕ್ಕೆ ತೆಗೆಯಲಾರದೆ ಪರದಾಡುತ್ತಿದ್ದ ಆಂಬುಲೆನ್ಸಿನವನನ್ನು ಮೆಲ್ಲಗೆ ಬೈಯುತ್ತಿದ್ದಳು. ಡ್ಯೂಟಿ ಅಕ್ಕ ತಟ್ಟೆಯಲ್ಲಿದ್ದುದನ್ನೆಲ್ಲ ತಿಂದು, ಅಮ್ಮ ಬಿಟ್ಟಿದ್ದ ಬ್ರೆಡ್ಡಿನ ಚೂರನ್ನೂ ತನ್ನ ಕಡೆ ಎಳೆದುಕೊಂಡಳು.